ಮೇಸ್ತ್ರಿ ಮನೆಯ ಪಾಯ

ಊರಿಗೆಲ್ಲ ಮನೆ ಕಟ್ಟಿಕೊಟ್ಟ ಮೇಸ್ತ್ರಿಯ ಸ್ವಂತ ಮನೆಯ ಗೋಡೆ ಮಳೆಗೆ ಬಿತ್ತು. ಆ ಗೋಡೆಗೆ ಒತ್ತಿದ ಹಾಗೇ ಹೆಂಡತಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಳು. ಕತ್ತರಿ ತರೋಕೆ ಒಳಗೆ ಎದ್ದುಹೋಗಿದ್ದಕ್ಕೆ ಜೀವ ಉಳಿಯಿತು. ಮೆಷಿನ್ ಇಟ್ಟಿಗೆಯಡಿ ಅಪ್ಪಚ್ಚಿಯಾಯಿತು.

ಆ ಜಾಗದ ಮಣ್ಣೇ ಹಾಗೆ. ನೀವೂ ನೋಡಿರ್ತೀರಿ. ಜೇಡಿಮಣ್ಣು ಮಳೆಯಲ್ಲಿ ನೀರು ಕುಡಿದು ಉಬ್ಬುತ್ತೆ, ಬಿಸಿಲಿಗೆ ಕೈ ತೂರುವಷ್ಟು ಬಿರಿಯುತ್ತೆ. ಮೇಲಿನ ಗೋಡೆ ಎಷ್ಟು ದಿನ ತಾಳೀತು? ಮೇಸ್ತ್ರಿ ಪ್ರತಿ ವರ್ಷ ಬಿರುಕಿಗೆ ಸಿಮೆಂಟ್ ಮೆತ್ತುತ್ತಿದ್ದ. ಅದು ಮತ್ತೆ ಬಾಯಿ ಬಿಡುತ್ತಿತ್ತು.

ಗೋಡೆ ಬಿದ್ದಮೇಲೆ ಅವನಿಗೆ ಹಟ ಬಂತು. ಈ ಸಲ ಪಾಯ ಇನ್ನೂ ಆಳ ತೋಡಿ ದೊಡ್ಡ ಕಲ್ಲು ಹಾಕ್ತೀನಿ ಅಂತ ಗುದ್ದಲಿ ಹಿಡಿದ. ಹೆಂಡತಿಗೆ ಅವನಿಗಿಂತ ಹೆಚ್ಚು ಹಟ. ತೋಡಿದ ಗುಂಡಿಯ ಅಂಚಿಗೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟಳು.

"ಗೋಡೆ ಎತ್ತೋರು ನೀವು. ಅದರ ಪಕ್ಕ ದಿನಾ ಕೂರೋಳು ನಾನು. ಮಣ್ಣಿಗೆ ಏನಾಗಿದೆ ಅಂತ ತಿಳಿಯೋವರೆಗೆ ಒಂದು ಕಲ್ಲೂ ಇಡಬೇಡಿ," ಅಂದಳು.

ಅವಳ ತಂಗಿ ಮಣ್ಣು ಪರೀಕ್ಷೆ ಮಾಡೋ ಲ್ಯಾಬಿನಲ್ಲಿ ಎಂಜಿನಿಯರ್. ಅವಳನ್ನು ಕರೆಸಿದಳು. ತಂಗಿ ಗುಂಡಿಗಿಳಿದು ಬೇರೆ ಬೇರೆ ಆಳದ ಮಣ್ಣು ಚೀಲಕ್ಕೆ ತುಂಬಿಕೊಂಡು ಹೋದಳು. ಪರೀಕ್ಷೆ ಮುಗಿಸಿ ಬಂದು, ತಪ್ಪು ಕಲ್ಲಿನದಲ್ಲ, ಭಾವನ ಕೈಯದೂ ಅಲ್ಲ, ಮಣ್ಣಿಗೇ ಬಲವಿಲ್ಲ ಅಂದಳು. ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿದು ಉಳಿಯೋ ಹಾರುಬೂದಿ, ಉಕ್ಕಿನ ಕಾರ್ಖಾನೆಯಲ್ಲಿ ಮಿಗೋ ಕಿಟ್ಟದ ಪುಡಿ, ಇವನ್ನು ಮಣ್ಣಿಗೆ ಬೆರೆಸಿ ಕ್ಷಾರದ ದ್ರಾವಣ ಸೇರಿಸಿದರೆ ಅದು ಮಣ್ಣಿನ ಕಣಗಳನ್ನು ಅಂಟಿನ ಹಾಗೆ ಹಿಡಿದುಕೊಳ್ಳುತ್ತಂತೆ. ಅದಕ್ಕೆ ಜಿಯೋಪಾಲಿಮರ್ ಅಂತ ಹೆಸರು.

ಪಾತ್ರೆ ಉಜ್ಜೋ ಬೂದಿ ಮನೆ ಹೊರುತ್ತಾ ಅಂತ ಮೇಸ್ತ್ರಿ ನಕ್ಕ. ಅಷ್ಟಕ್ಕೇ ಬಿಡಲಿಲ್ಲ. ಮಾರನೇ ದಿನ ಒಂದು ಬುಟ್ಟಿ ಹಾರುಬೂದಿ ತಂದು ಮೂಲೆಯಲ್ಲಿ ಮಣ್ಣಿಗೆ ಕಲಸಿ ನೀರು ಹೊಯ್ದ. ಬರೀ ಕೆಸರಾಯಿತು. ಹೆಂಡತಿಯನ್ನು ಕರೆದು ತೋರಿಸಿದ. ಅವಳ ಧೈರ್ಯವೂ ಒಂದು ಗಳಿಗೆ ಕುಸಿಯಿತು. ಆದರೂ ತಂಗಿಗೆ ಫೋನ್ ಮಾಡಿದಳು.

"ಹೆಪ್ಪು ಹಾಕದೆ ಹಾಲು ಮೊಸರಾಗುತ್ತಾ ಭಾವ?" ಅಂದಳು ತಂಗಿ, ಬಂದು ಕೆಸರು ನೋಡಿ. "ಬೂದಿ ಹಾಲಿನ ಹಾಗೆ. ಕ್ಷಾರವೇ ಹೆಪ್ಪು. ಎಷ್ಟು ಹಾಕಬೇಕು ಅನ್ನೋದನ್ನ ಆಯಾ ಜಾಗದ ಮಣ್ಣು ಪರೀಕ್ಷಿಸಿಯೇ ಹೇಳಬೇಕು."

ಅವಳು ಲ್ಯಾಬಿನಿಂದ ಎರಡು ಉಂಡೆ ತಂದಿದ್ದಳು. ಎರಡೂ ಅದೇ ಗುಂಡಿಯ ಮಣ್ಣು. ಒಂದು ಬರೀ ಮಣ್ಣು, ಇನ್ನೊಂದು ಬೂದಿ, ಕಿಟ್ಟ, ಕ್ಷಾರ ಬೆರೆಸಿ ಗಟ್ಟಿಯಾಗಲು ಬಿಟ್ಟಿದ್ದು. ಎರಡನ್ನೂ ಬಕೆಟ್ ನೀರಿಗೆ ಹಾಕಿದಳು. ಟೀ ಕುಡಿದು ಮುಗಿಸೋ ಹೊತ್ತಿಗೆ ಮೊದಲನೆಯದು ಕರಗಿ ತಳ ಸೇರಿತ್ತು. ಇನ್ನೊಂದು ಇಟ್ಟ ಹಾಗೇ ಇತ್ತು. ಮೇಸ್ತ್ರಿ ಅದನ್ನು ತೆಗೆದು ಹೆಬ್ಬೆರಳಲ್ಲಿ ಒತ್ತಿದ, ಕರಣೆಯ ಹಿಡಿಯಿಂದ ಕುಟ್ಟಿದ. ಅದು ಒಡೆಯಲಿಲ್ಲ.

ಆಮೇಲೆ ಕೇಳಿದ: "ಇದರ ನೀರು ಹಿತ್ತಲ ಬಾವಿಗಿಳಿದರೆ?"

ಕೇಳಲೇಬೇಕಾದ ಪ್ರಶ್ನೆ ಅಂದಳು ತಂಗಿ. ವಿಷದ ಲೋಹ ಇದೆಯಾ ಅಂತ ಬೂದಿಯನ್ನೂ ಪರೀಕ್ಷಿಸಬೇಕು, ಪಾಸಾಗದ ಬೂದಿಯನ್ನು ಮುಟ್ಟಲೇಬಾರದು, ಬಾವಿಯಿಂದ ದೂರವೇ ಕೆಲಸ ಮಾಡಬೇಕು ಅಂತ ವಿವರಿಸಿದಳು. ಆಗ ಅವನು ಒಪ್ಪಿದ. ಪರೀಕ್ಷೆಯಲ್ಲಿ ಪಾಸಾದ ಬೂದಿಯನ್ನೇ ತರಿಸಿದರು.

ಕೆಲಸದ ದಿನ ಕೈಗವಸು, ಕನ್ನಡಕ ಬೇಡ ಅಂತ ಅವನು ಗೊಣಗಿದ. ಕ್ಷಾರ ಚರ್ಮ ಸುಡುತ್ತೆ ಅಂತ ಹೆಂಡತಿಯೇ ಕೈ ಹಿಡಿದು ತೊಡಿಸಿದಳು. ಹದವಾಗಿ ಬೆರೆಸಿ, ಪದರ ಪದರವಾಗಿ ಬಡಿದು ದಮ್ಮಸ್ಸು ಮಾಡಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ತಂಗಿ ಸಾಕು ಅನ್ನೋವರೆಗೆ ಕಾದರು. ಆಮೇಲೇ ಗೋಡೆ ಎದ್ದಿತು.

ಮಳೆಗಾಲ ಹೋಯಿತು, ಬೇಸಿಗೆಯೂ ಹೋಯಿತು. ಮೇಸ್ತ್ರಿ ದಿನಾ ಬೆಳಿಗ್ಗೆ ಗೋಡೆಯ ಮೂಲೆಗೆ ಬೆರಳಾಡಿಸಿ ನೋಡುತ್ತಿದ್ದ. ಕೂದಲೆಳೆಯಷ್ಟೂ ಬಿರುಕಿಲ್ಲ. ಈಗ ಯಾರಾದರೂ ಮನೆ ಕಟ್ಟಿಕೊಡು ಅಂತ ಬಂದರೆ ಅವನದು ಒಂದೇ ಮಾತು: "ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಬನ್ನಿ. ಆಮೇಲೆ ನಾನು."

ನಿಮ್ಮ ಗೋಡೆಯೂ ವರ್ಷ ವರ್ಷ ಬಿರಿಯುತ್ತಿದೆಯಾ? ಬಿರುಕು ಮುಚ್ಚೋ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ಕಾರ್ಖಾನೆಯ ಬೂದಿ, ಕಿಟ್ಟ ಒಯ್ದು ನೀವೇ ಸುರಿಯಬೇಡಿ. ತಿಳಿದ ಎಂಜಿನಿಯರನ್ನು ಕೇಳಿ, ಬೆರಕೆಯ ಅಳತೆ ಹಾಕಿಸಿ, ಕೈ ಕಣ್ಣು ಕಾಪಾಡಿಕೊಂಡು ಕೆಲಸ ಮಾಡಿಸಿ. ಗೋಡೆಗೆ ಯಾವ ಬಣ್ಣ ಅಂತ ನಿಧಾನವಾಗಿ ಆರಿಸಿಕೊಳ್ಳಿ. ಕಾಲಡಿಯ ಮಣ್ಣು ಎಂಥದು ಅಂತ ಇವತ್ತೇ ಕೇಳಿ.