ಮುಖ್ಯ ಅತಿಥಿ ಯೋರನ್

ಬರ್ಕ್ಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವನು ಯೋರನ್. ಸ್ವೀಡನ್ನಿನಲ್ಲಿ ಹ್ಯಾಂಡ್‌ಬಾಲ್ ಆಡಿ ಹೆಸರು ಮಾಡಿದವನು. ಅಲ್ಲಿ ಬ್ರೆಡ್ಡು ತರಲು ಹೋದರೂ ಜನ ಮುತ್ತಿಕೊಳ್ಳುತ್ತಿದ್ದರಂತೆ. ಹೆಂಡತಿ ಕರಿನ್‌ಗೆ ಯೂನಿವರ್ಸಿಟಿಯಲ್ಲಿ ಸಂಶೋಧನೆಯ ಕೆಲಸ ಸಿಕ್ಕಿತೆಂದು ಒಂದು ವರ್ಷ ಆಟ ಬಿಟ್ಟು ಬಂದಿದ್ದ. ೧೯೮೬ರ ಬರ್ಕ್ಲಿಯಲ್ಲಿ ಆ ಆಟ ಯಾರಿಗೆ ಗೊತ್ತು? ಅಷ್ಟೆತ್ತರದ ಮನುಷ್ಯ ಲಾಂಡ್ರಿ ರೂಮಿನಲ್ಲಿ ಮಷೀನು ತಿರುಗುವುದನ್ನೇ ನೋಡುತ್ತ ಕೂತಿರುತ್ತಿದ್ದ. ನನಗೆ ಕರುಳು ಚುರುಕ್ಕೆನ್ನುತ್ತಿತ್ತು.

"ಮೈಥಿಲಿ, ಅವನು ವಾಪಸ್ ಹೋಗೋಣ ಅಂತಿದ್ದಾನೆ. ಹೋದರೆ ನನ್ನ ಕೆಲಸ ಅರ್ಧಕ್ಕೇ ನಿಲ್ಲುತ್ತೆ," ಎಂದು ಒಂದು ದಿನ ಕರಿನ್ ಅತ್ತೇಬಿಟ್ಟಳು.

ಅಳುವವರನ್ನು ನೋಡಿ ಸುಮ್ಮನಿರುವ ಜಾಯಮಾನ ನನ್ನದಲ್ಲ. ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಬರಬೇಕಿದ್ದ ಮುಖ್ಯ ಅತಿಥಿ ಆಗಷ್ಟೇ ಕೈಕೊಟ್ಟಿದ್ದರು. ಅಧ್ಯಕ್ಷ ರಘೋತ್ತಮರಿಗೆ ಫೋನು ಮಾಡಿದೆ.

"ಏನು ಆಟ ಅಂದ್ರಿ?"

"ಹ್ಯಾಂಡ್‌ಬಾಲು. ಅವರ ದೇಶದಲ್ಲಿ ತುಂಬಾ ಫೇಮಸ್ಸು."

"ಅಷ್ಟು ಸಾಕು ಬಿಡಿ ಮೈಥಿಲಿಯವ್ರೇ. ಪರಿಚಯ ಭಾಷಣ ನಾನು ನೋಡ್ಕೋತೀನಿ. ನೀವು ಶಾಲು, ಪೇಟ, ಹಣ್ಣಿನ ಬುಟ್ಟಿ ಅರೇಂಜ್ ಮಾಡಿ."

ನಮ್ಮಲ್ಲಿ ಅತಿಥಿಯನ್ನು ಹೊಗಳಲು ಅವರ ವಿಷಯ ಗೊತ್ತಿರಲೇಬೇಕೆಂಬ ನಿಯಮವೇನೂ ಇಲ್ಲ. ರಾಜ್ಯೋತ್ಸವದ ದಿನ ರಘೋತ್ತಮರು ಮೈಕು ಹಿಡಿದರು. "ಇವರು ಚೆಂಡು ಎಸೆದರೆ ಗೋಲ್‌ಕೀಪರು ಕಣ್ಣು ಮುಚ್ಚಿ ದೇವರನ್ನ ನೆನೀತಾನೆ. ಇವರ ಮದುವೆ ದಿನ ಸ್ಟಾಕ್‌ಹೋಮಲ್ಲಿ ಜನ ಸೇರಿ ಬಸ್ಸೇ ಓಡಲಿಲ್ಲ."

ಚಪ್ಪಾಳೆಯೋ ಚಪ್ಪಾಳೆ. ಯೋರನ್ ಪಕ್ಕದಲ್ಲಿ ಕೂತು ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ.

"ಬಸ್ಸು ಓಡಿತ್ತು. ನಾನು ಬಸ್ಸಲ್ಲೇ ಹೋಗಿದ್ದು," ಎಂದ ಯೋರನ್.

"ಸುಮ್ನೆ ಕೂತ್ಕೋ," ಎಂದೆ.

ಅವನ ತಲೆಗೆ ಮೈಸೂರು ಪೇಟ ಚಿಕ್ಕದಾಗಿ ನೆತ್ತಿಯ ಮೇಲೆಯೇ ನಿಂತಿತು. ಆಟೋಗ್ರಾಫಿಗೆ ಮಕ್ಕಳು ಮುಗಿಬಿದ್ದರು, ಅವರ ಹಿಂದೆ ಅಪ್ಪಂದಿರು, ಆಮೇಲೆ ಅಜ್ಜಿಯರು. ಅವನು ಯಾವ ಆಟದವನೆಂದು ಯಾರೂ ಕೇಳಲಿಲ್ಲ. ಅವನ ಮುಖ ಮಾತ್ರ ಕೆಂಪುಕೆಂಪಾಗಿ ಅರಳಿತ್ತು. ನನಗೂ ಖುಷಿ ತಡೆಯಲಾಗಲಿಲ್ಲ.

ಅಲ್ಲಿಂದಾಚೆ ಅವನನ್ನು ಹಿಡಿಯುವವರಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಮ್ಮ ಸಂಘದ ವೆಂಕಟೇಶ್ ಗ್ರೋಸರಿ ಅಂಗಡಿ ತೆರೆದಾಗ ರಿಬ್ಬನ್ನು ಕತ್ತರಿಸಿದವನು ಯೋರನ್. ನೃತ್ಯ ಶಾಲೆಯ ವಾರ್ಷಿಕೋತ್ಸವದಲ್ಲಿ ದೀಪ ಹಚ್ಚಿದವನೂ ಅವನೇ. ಭಾಷಣ ಬರೆದುಕೊಂಡು ಕನ್ನಡಿಯ ಮುಂದೆ ನಿಲ್ಲುತ್ತಾನೆ ಎಂದಳು ಕರಿನ್.

ಒಂದು ಶುಕ್ರವಾರ ಚಿತ್ರಾನ್ನ ಕೊಡಲು ಹೋದಾಗ ಅವನು ಫೋನಿನಲ್ಲಿದ್ದ. "ಅವನ ಕ್ಲಬ್ಬಿನವರು. ಕೂಡಲೇ ಬಾ ಅಂತಿದ್ದಾರೆ," ಎಂದಳು ಕರಿನ್. ಯೋರನ್ ಅವರಿಗೆ ಸ್ವೀಡಿಷಿನಲ್ಲಿ ಏನೋ ಹೇಳಿದ. ಅವಳು ಜೋರಾಗಿ ನಕ್ಕುಬಿಟ್ಟಳು, ಕಣ್ಣಲ್ಲಿ ನೀರು.

"ನನ್ನ ಕೆಲಸ ಮುಗಿಯೋ ಜೂನ್ ತನಕ ಬರೋಕಾಗಲ್ವಂತೆ. ಈ ಭಾನುವಾರ ನಿಮ್ಮ ಸಂಘದ ಶ್ರೀಕಂಠನ ಮಗಳ ನಾಮಕರಣ. ಇವನಿಲ್ಲದೆ ಶುರು ಮಾಡಲ್ವಂತೆ."

ಶ್ರೀಕಂಠ ಹಾಗೆ ಹೇಳಿದ್ದು ಬರೀ ಬಾಯಿಮಾತಿಗೆ. ನಾನು ಚಿತ್ರಾನ್ನ ಅಲ್ಲೇ ಇಟ್ಟು ಮನೆಗೆ ಓಡಿ ಅವನಿಗೆ ಫೋನು ಮಾಡಿದೆ.

"ಯೋರನ್ ಬರೋ ತನಕ ಪುರೋಹಿತರನ್ನ ಹಿಡಿದಿಟ್ಕೊಳಪ್ಪ. ಮುಹೂರ್ತ ಮೀರಿದ್ರೂ ಪರವಾಗಿಲ್ಲ."