ಕೆಟ್ಟ ನಕ್ಷತ್ರ ಕೂಡುವವರೆಗೆ

ದಾಸಯ್ಯನ ಮನೆಗೆ ಆರು ತಿಂಗಳು ಬೀಗ ಬಿದ್ದದ್ದು ನನ್ನಿಂದ. ಊರಿನವರು ಗ್ರಹಚಾರ ಅಂದುಕೊಂಡರು. ಅಂದುಕೊಳ್ಳಲಿ.

ಆ ಮನೆಗೆ ನಮ್ಮ ಅಕ್ಕ ಕುಳ್ಳಮ್ಮ ಸೊಸೆಯಾಗಿ ಹೋದಾಗ ಅವಳ ಮೈದುನ ದಾಸಯ್ಯ ಇನ್ನೂ ಚಡ್ಡಿ ಹಾಕುತ್ತಿದ್ದ. ಅವನಿಗೆ ಉಣ್ಣಿಸಿ, ತಲೆ ಬಾಚಿ, ಮುಂದೆ ನಿಂತು ಮದುವೆಯನ್ನೂ ಮಾಡಿಸಿದವಳು ಅವಳು. ಭಾವ ಬೇಗ ತೀರಿಕೊಂಡರು, ಮಕ್ಕಳಿರಲಿಲ್ಲ. ತೊಂಬತ್ತೇಳನೇ ಇಸವಿಯಲ್ಲಿ ಅಕ್ಕನ ಎದೆಯ ಗಂಟು ಒಡೆದು ಹುಣ್ಣಾಯಿತು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಇನ್ನು ಕೊಯ್ದೂ ಪ್ರಯೋಜನವಿಲ್ಲ ಎಂದು ಹೇಳಿ ಕಳಿಸಿದರು. ಸುದ್ದಿ ತಿಳಿದು ನಾನು ಶೀಳನೆರೆಯಿಂದ ಎರಡು ಬಸ್ಸು ಬದಲಿಸಿ ನಾಗಮಂಗಲದಾಚೆಯ ಆ ಊರಿಗೆ ಹೋದರೆ, ಅಕ್ಕ ಕೊಟ್ಟಿಗೆಯಲ್ಲಿದ್ದಳು. ಎಮ್ಮೆಯ ಪಕ್ಕ, ಗೋಣಿಚೀಲದ ಮೇಲೆ. ನಾತಕ್ಕೆ ಮಕ್ಕಳು ಅನ್ನ ಮುಟ್ಟುವುದಿಲ್ಲ ಎಂದ ದಾಸಯ್ಯ. ಉಂಡ ಮನೆಗೆ ಎರಡು ಬಗೆಯುವವರನ್ನು ಕಂಡಿದ್ದೆ. ಉಣ್ಣಿಸಿದವಳನ್ನೇ ಕೊಟ್ಟಿಗೆಗೆ ದಬ್ಬಿದವನನ್ನು ಕಂಡಿರಲಿಲ್ಲ. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಅಕ್ಕನ ಹೊಟ್ಟೆಯಲ್ಲಿ ಆಗಲೇ ಬಿದ್ದಿತ್ತು. ನೋವಿಗೆ ಹಲ್ಲು ಕಚ್ಚಿಕೊಂಡೇ ನನ್ನ ಕೈ ಹಿಡಿದು ಹೇಳಿದಳು.

"ನನ್ ಜೀವ ನನ್ ಕ್ವಾಣೇಲೇ ಓಗ್ಬೇಕು ಕಣೇ ಮಂಗ್ಳಿ. ಅದೂ ಕೆಟ್ ನಚ್ಚತ್ರದಾಗೇ ಓಗ್ಬೇಕು. ಬಾಗ್ಲಿಗೆ ಮುಳ್ ಬಡ್ದು ಇದೇ ಕೊಟ್ಗೇಲಿ ಬಿದ್ಕೊಳ್ಳಿ ಅವ್ನು."

ಧನಿಷ್ಠಾ ನಕ್ಷತ್ರದಲ್ಲಿ ವಾಸದ ಮನೆಯ ಸೂರಿನಡಿ ಸಾವಾದರೆ ನಮ್ಮ ಕಡೆ ಮನೆ ಬಿಡುತ್ತಾರೆ. ಬಾಗಿಲಿಗೆ ಜಾಲಿಮುಳ್ಳು ಇಟ್ಟು, ಬೀಗ ಹಾಕಿ, ಆರು ತಿಂಗಳು ಯಾರೂ ಒಳಗೆ ಕಾಲಿಡುವ ಹಾಗಿಲ್ಲ. ದಾಸಯ್ಯನಿಗೆ ಯಮನಿಗಿಂತ ಪಂಚಾಂಗದ ಹೆದರಿಕೆ ಹೆಚ್ಚು. ಅಕ್ಕನಿಗೆ ಅದು ಗೊತ್ತಿತ್ತು.

ಆದರೆ ಅವಳನ್ನು ಒಳಗೆ ಸೇರಿಸುವುದು ಹೇಗೆ? ಆ ದಾರಿ ತೆರೆದವರು ಇಂದಿರ ಸಿಸ್ಟರು. ಬೆಂಗಳೂರಿನಲ್ಲಿ ಕ್ಯಾನ್ಸರ್ ವಾರ್ಡಿನ ನರ್ಸಾಗಿದ್ದು ನಾಗಮಂಗಲಕ್ಕೆ ಬಂದು ನೆಲೆಸಿದವರು. ಆಸ್ಪತ್ರೆಗಳು ಕೈಬಿಟ್ಟವರ ಮನೆಗಳಿಗೆ ಲೂನಾದಲ್ಲಿ ಹೋಗುತ್ತಿದ್ದರು. ಗುಣ ಮಾಡುತ್ತೇನೆ ಎಂದು ಅವರು ಒಂದು ದಿನವೂ ಹೇಳಲಿಲ್ಲ. ನೋವು ಇಲ್ಲದ ಹಾಗೆ ನೋಡಿಕೊಳ್ಳೋಣ ಎಂದರು. ಸೀರೆ ಎತ್ತಿ ಸಿಕ್ಕಿಸಿ ಗಂಜಲದ ನೆಲದಲ್ಲೇ ಕೂತು, ಕಾಯಿಸಿ ಆರಿಸಿದ ಉಪ್ಪುನೀರಲ್ಲಿ ಹುಣ್ಣು ತೊಳೆದು, ಮಾತ್ರೆ ಪುಡಿ ಮಾಡಿ ಉದುರಿಸಿ ಬಟ್ಟೆ ಕಟ್ಟಿದರು. ನನಗೂ ಕಲಿಸಿದರು. ವಾರದೊಳಗೆ ನಾತ ಅಡಗಿತು. ಆಮೇಲೆ ದಾಸಯ್ಯನನ್ನು ಕರೆದು, ಇದು ಅಂಟುವ ಕಾಯಿಲೆಯಲ್ಲ, ನಾತವೂ ಇಲ್ಲ, ಇನ್ನೇನು ಅಡ್ಡಿ ಎಂದು ಕೇಳಿದರು. ಅವನ ಮುಖ ಹುಳ್ಳಗಾಯಿತು. ಅಕ್ಕ ತನ್ನ ಕೋಣೆ ಸೇರಿದಳು.

ಸಿಸ್ಟರು ಅಲ್ಲಿಗೇ ನಿಲ್ಲಿಸಲಿಲ್ಲ. ಮಾರ್ಫಿನ್ ಮಾತ್ರೆ ತಂದರು, ಹೊತ್ತುಹೊತ್ತಿಗೆ ಕೊಡುವುದನ್ನು ಹೇಳಿಕೊಟ್ಟರು. ನೀನು ಬಿದ್ದರೆ ಅವಳನ್ನು ನೋಡುವವರು ಯಾರು ಎಂದು ನನ್ನನ್ನು ಗದರಿಸಿ ಮಲಗಿಸಿ, ಮಧ್ಯಾಹ್ನದ ಪಾಳಿಗೆ ದಾಸಯ್ಯನ ಹೆಂಡತಿ ಜಯಲಕ್ಷ್ಮಮ್ಮನನ್ನು ಕೂರಿಸಿದರು. ಅಕ್ಕ ಗಂಜಿ ಕುಡಿದಳು, ನಿದ್ದೆ ಮಾಡಿದಳು, ನನ್ನ ಮೂಗನ್ನು ಆಡಿಕೊಂಡು ನಕ್ಕಳು.

ನೋವು ಇಳಿದಂತೆ ಅವಳ ಸಿಟ್ಟೂ ಇಳಿಯಿತು. ನನ್ನದು ಇಳಿಯಲಿಲ್ಲ. ದಾಸಯ್ಯ ಉಂಡನಾ ಎಂದು ಅವಳು ವಿಚಾರಿಸಿದಾಗ ನನಗೆ ಮೈಯೆಲ್ಲ ಉರಿಯಿತು. ಕೊಟ್ಟಿಗೆ ಮರೆತುಹೋಯಿತಾ ಎಂದು ಕೇಳಿದೆ. "ಬುಡೇ, ನಾನೇ ಎತ್ತಿ ಆಡ್ಸಿದ್ ಮಗ," ಎಂದು ಗೋಡೆಯ ಕಡೆ ತಿರುಗಿದಳು. ಅವಳು ಬಿಟ್ಟಳು, ನಾನು ಹಿಡಿದುಕೊಂಡೆ.

ಶ್ರಾವಣ ಕಳೆದ ಮೇಲೆ ಅಕ್ಕನಿಗೆ ಮಂಪರು ಕವಿಯಿತು. ಇನ್ನು ಹೆಚ್ಚು ದಿನ ಇಲ್ಲ ಎಂದು ಸಿಸ್ಟರು ಮನೆಯವರನ್ನೆಲ್ಲ ಕೂರಿಸಿ ಮೆತ್ತಗೆ ತಿಳಿಸಿದರು. ದಾಸಯ್ಯ ಎದ್ದು ನೇರ ದೇವಸ್ಥಾನದ ಶ್ರೀಕಂಠಯ್ಯನವರ ಹತ್ತಿರ ಓಡಿದ. ಮಾರನೆಯ ದಿನ ದೀಪ ಹಚ್ಚುವ ಹೊತ್ತಿಗೆ ಧನಿಷ್ಠೆ ಕೂಡುತ್ತದೆ ಎಂದು ತಿಳಿದುಕೊಂಡು ಬಂದ. ಅಷ್ಟರೊಳಗೆ ಅತ್ತಿಗೆಯನ್ನು ಮತ್ತೆ ಕೊಟ್ಟಿಗೆಗೆ ಸಾಗಿಸುವುದೆಂದು ಗೊತ್ತುಮಾಡಿದ.

ಮಾರನೆಯ ದಿನ ಊಟದ ಹೊತ್ತು ಕಳೆದ ಸ್ವಲ್ಪ ಹೊತ್ತಿಗೆ, ನನ್ನ ಕೈಯಲ್ಲೇ, ಅಕ್ಕನ ಉಸಿರು ನಿಂತಿತು. ಅವತ್ತು ಮಧ್ಯಾಹ್ನದ ಪಾಳಿಯನ್ನೂ ನಾನೇ ಹಿಡಿದಿದ್ದೆ, ಕೋಣೆಯಲ್ಲಿ ನಾವಿಬ್ಬರೇ. ಬೆಳಕಿಂಡಿಯ ಬಿಸಿಲು ಎದುರು ಗೋಡೆಯ ಬುಡದಲ್ಲಿತ್ತು. ಧನಿಷ್ಠೆಗೆ ಇನ್ನೂ ಬಹಳ ಹೊತ್ತಿತ್ತು. ಈಗ ಕೂಗಿದರೆ ದಾಸಯ್ಯ ಗೆದ್ದ. ಹೆಣದ ಮುಂದೆ ನಿಟ್ಟುಸಿರು ಬಿಟ್ಟು, ಒಳ್ಳೇ ಸಾವು ಅನ್ನುತ್ತಾನೆ.

ನಾನು ಎದ್ದು ಅಗುಳಿ ಹಾಕಿದೆ.

ಅವನು ಇಬ್ಬರು ಗಂಡಸರನ್ನು ಕರೆದುಕೊಂಡು ಬಂದು ಬಾಗಿಲು ತಟ್ಟಿದ. ಈಗ ತಾನೇ ಮಾತ್ರೆ ಕೊಟ್ಟಿದ್ದೇನೆ, ಹಿಡಿಯುವ ಮೊದಲು ಅಲ್ಲಾಡಿಸಿದರೆ ಕಿರುಚಿಕೊಳ್ಳುತ್ತಾಳೆ, ಸಿಸ್ಟರು ಹೇಳಿಲ್ಲವೇ ಎಂದೆ. ಅದು ಸಿಸ್ಟರೇ ಹೇಳಿದ್ದ ಮಾತು, ಅವನು ನಂಬಿದ. ಮತ್ತೆ ಬಂದ. ನಾನು ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದೆ, ತೆಗೆದು, ಅವನಿಗೆ ಕೇಳುವಂತೆ ಅಕ್ಕನೊಂದಿಗೆ ಮಾತಾಡಿದೆ.

"ಅಕ್ಕಾ, ಒಂದ್ ಗುಟ್ಕು ನೀರ್ ಕುಡಿ."

ಲೋಟದ ನೀರು ಅವಳ ತುಟಿಯಿಂದ ಜಾರಿ ದಿಂಬಿಗೆ ಇಳಿಯಿತು. ಬಿಸಿಲು ಗೋಡೆ ಹತ್ತಿತು, ತೊಲೆ ಮುಟ್ಟಿತು, ಆರಿತು. ಹೊರಗೆ ದಾಸಯ್ಯ ಗೋಗರೆಯುತ್ತಿದ್ದ, ಆಮೇಲೆ ಬಾಗಿಲಿಗೆ ಹೆಗಲು ಕೊಟ್ಟ. ದೇವಸ್ಥಾನದ ಗಂಟೆ ಕೇಳಿಸಿತು, ಜಯಲಕ್ಷ್ಮಮ್ಮ ನಡುಮನೆಯಲ್ಲಿ ದೀಪ ಹಚ್ಚಿದ ಬೆಳಕು ಬಾಗಿಲ ಸಂದಿಯಲ್ಲಿ ಕಂಡಿತು. ಇನ್ನೂ ತುಸು ಕಾದು, ಅಗುಳಿ ತೆಗೆದು, ಊರೆಲ್ಲ ಕೇಳುವಂತೆ ಬಾಯಿ ಬಡಿದುಕೊಂಡೆ.

ಅಷ್ಟರಲ್ಲಿ ಸಿಸ್ಟರೂ ಬಂದರು. ಅಕ್ಕನ ದವಡೆ ಮುಟ್ಟಿ, ತೋಳು ಎತ್ತಲು ನೋಡಿ, ನನ್ನ ಮುಖ ನೋಡಿದರು. ಯಾವಾಗ ಹೋಯಿತು ಹೇಳಿ ಎಂದು ದಾಸಯ್ಯ ಅವರ ಕಾಲಿಗೆ ಬಿದ್ದ. ನಾನು ಬಂದಾಗ ಹೋಗಿದ್ದರು, ಮುಂಚಿನದು ಜೊತೆಯಲ್ಲಿದ್ದವರಿಗೆ ಗೊತ್ತು ಎಂದರು ಅವರು. ಎಲ್ಲರೂ ನನ್ನ ಕಡೆ ತಿರುಗಿದರು.

"ಈಗ್ಲೇ," ಅಂದೆ. "ದೀಪ ಅಚ್ಚಿದ್ ಮ್ಯಾಲೆ."

ತಿಥಿ ಮುಗಿದ ಮೇಲೆ ಬೇಕೆಂದೇ ಕೊಟ್ಟಿಗೆಗೆ ಹೋಗಿ ನೋಡಿದೆ. ದಾಸಯ್ಯ ಎಮ್ಮೆಯ ಪಕ್ಕ ಗೋಣಿಚೀಲದ ಮೇಲೆ ಕೂತು ಸೊಳ್ಳೆ ಹೊಡೆಯುತ್ತಿದ್ದ. ಕಣ್ತುಂಬ ನೋಡಿ ಬಸ್ಸು ಹತ್ತಿದೆ.

ಕೆಲವು ದಿನಕ್ಕೆ ಸಿಸ್ಟರು ಶೀಳನೆರೆಗೆ ನಮ್ಮ ಮನೆ ಹುಡುಕಿಕೊಂಡು ಬಂದರು. ಕಾಯಿಲೆಯವರು ಹೋದ ಮೇಲೂ ಮನೆಯವರನ್ನು ಬಂದು ವಿಚಾರಿಸುವುದು ಅವರ ಪದ್ಧತಿ. ಬೈಯಲು ಬಂದಿದ್ದಾರೆಂದು ನಾನು ಮೊದಲೇ ಸಿಡುಕಿದೆ. ಅವರು ಜಗಲಿಯಲ್ಲಿ ಪಕ್ಕಕ್ಕೆ ಕೂತು ನನ್ನ ಕೈ ತೆಗೆದುಕೊಂಡರು.

"ಮೈ ಸೆಟೆದಿತ್ತು ಮಂಗಳಮ್ಮ. ನನಗೆ ಅವತ್ತೇ ಗೊತ್ತಾಯ್ತು. ಅದನ್ನ ಕೇಳೋಕೆ ಬರಲಿಲ್ಲ. ನೀನು ಇನ್ನೂ ಅತ್ತಿಲ್ಲ ಅಲ್ವಾ?"

ಊರೆಲ್ಲ ಕೇಳುವಂತೆ ಅತ್ತಿದ್ದೇನಲ್ಲ ಎಂದೆ. ಅದು ದಾಸಯ್ಯನಿಗೆ, ಕುಳ್ಳಮ್ಮನಿಗೆ ಯಾವಾಗ ಎಂದು ಕೇಳಿದರು.

ಆ ಬೀಗಕ್ಕೆ ಇವತ್ತಿಗೂ ನನಗೆ ಎಳ್ಳಷ್ಟೂ ಸಂಕಟವಿಲ್ಲ. ಇನ್ನೊಂದು ಸಲ ಅಗುಳಿ ಹಾಕೆಂದರೂ ಹಾಕುತ್ತೇನೆ. ಆದರೆ ಅವರು ಕೇಳಿದಾಗ ಅಕ್ಕನ ಕೊನೆಯ ಮುಖವನ್ನು ನೆನೆಯಲು ಹೋದೆ, ನೆನಪಿಗೆ ಬರಲಿಲ್ಲ. ಅಷ್ಟು ಹೊತ್ತೂ ನಾನು ನೋಡಿದ್ದು ಗೋಡೆಯ ಮೇಲಿನ ಬಿಸಿಲನ್ನು. ಸಿಸ್ಟರ ಮಡಿಲಿಗೆ ತಲೆ ಹಾಕಿ ಹೋ ಎಂದು ಅತ್ತುಬಿಟ್ಟೆ.