ಬೂದಿ ಸುರಿದ ದಿನ ಹುಟ್ಟಿದವಳು

"ಸಾಲದು. ಇನ್ನೂ ಒಂದು ಮೊಳ ಇಳೀಬೇಕು," ಎಂದು ಗುಂಡಿಯೊಳಗಿಂದಲೇ ಹೇಳಿ ವೆಲೆಮ್ ಮತ್ತೆ ಹಾರೆ ಎತ್ತಿದ.

ಗುಂಡಿ ಆಗಲೇ ಅವನ ಎದೆಮಟ್ಟಕ್ಕಿತ್ತು. ಬೆಳಗಿನ ಆರಕ್ಕೆ ಶುರು ಮಾಡಿದ್ದರು. ತೊಂಪಾಸೊ ಊರಿನ ಮಣ್ಣು ಮೇಲೆ ಕಪ್ಪಗೆ, ಮೆತ್ತಗೆ. ಮೊಣಕಾಲುದ್ದ ಇಳಿದರೆ ಬೆಟ್ಟ ಯಾವ ಕಾಲದಲ್ಲೋ ಉಗುಳಿದ ಕಲ್ಲು.

ಪಕ್ಕದ ಮನೆಯ ಹೆಂಗ್ಕಿ ಮಣ್ಣಿನ ಬುಟ್ಟಿ ಮೇಲೆಳೆದುಕೊಂಡು ಏದುಸಿರು ಬಿಟ್ಟ. "ಓಪಾ, ನಮ್ಮಪ್ಪನ್ನ ಹೂಳೋವಾಗಲೂ ಇಷ್ಟು ಆಳ ತೋಡಿರಲಿಲ್ಲ."

"ನಿಮ್ಮಪ್ಪ ಇವಳಷ್ಟು ದುಡಿದೂ ಇರಲಿಲ್ಲ."

ಬುಟ್ಟಿ ಸಾಗಿಸುತ್ತಿದ್ದವರು ನಕ್ಕರು. ಊರಿನವರಿಗೆಲ್ಲ ಓಪಾ, ಅಂದರೆ ತಾತ, ಆಗಿದ್ದ ವೆಲೆಮ್ ಮಾತ್ರ ನಗಲಿಲ್ಲ. ನಕ್ಕವರ ಕಣ್ಣು ಜೋಳದ ಹೊಲದ ಬದುವಿನತ್ತ ಹೋಗಿ, ಅವರೂ ಸುಮ್ಮನಾದರು. ಅಲ್ಲಿ ನೀಲಿ ತಾಡಪಾಲಿನ ಕೆಳಗೆ ಅಬು ಮಲಗಿದ್ದಳು. ನಾಲ್ಕು ಗೊರಸು ಹೊರಗೆ ಚಾಚಿದ್ದವು. ಮೂರು ಕಾಲು ನೆಟ್ಟಗಿದ್ದವು. ನಾಲ್ಕನೆಯದು, ಕಾಲು ಮಡಚಬಾರದ ಜಾಗದಲ್ಲಿ ಮಡಚಿಕೊಂಡಿತ್ತು.

ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಕುದುರೆ ಪಂದ್ಯದ ಕೊನೆಯ ತಿರುವಿನಲ್ಲಿ ಅವಳು ಬಿದ್ದಿದ್ದಳು. ಪಶುವೈದ್ಯರು ಮೊಣಕಾಲೂರಿ ಕೂತು ಮುಟ್ಟಿ ನೋಡಿ, ವೆಲೆಮ್‌ನ ಮುಖ ನೋಡದೆಯೇ ಸೂಜಿ ಚುಚ್ಚಿದ್ದರು. ಅವಳಿಗೆ ನಾಲ್ಕು ವರ್ಷ. ಪಂದ್ಯದ ಪಟ್ಟಿಯಲ್ಲಿ ಅವಳ ಹೆಸರು ಪುತ್ರಿ ಸೊಪುತಾನ್. ಹನ್ನೊಂದು ಸಲ ಓಡಿ ಮೂರು ಸಲ ಗೆದ್ದಿದ್ದಳು. ಊರಲ್ಲಿ ಅವಳಿಗಿಂತ ಜೋರಾಗಿ ಓಡುವ ಕುದುರೆಗಳು ಆರೇಳಾದರೂ ಇದ್ದವು.

ವೆಲೆಮ್‌ನ ಮಗಳು ನೆಚೆ ಕಾಫಿಯನ್ನೂ ಕರಿದ ಬಾಳೆಕಾಯಿಯನ್ನೂ ಖಾರದ ಚಟ್ನಿಯನ್ನೂ ತಂದಿಟ್ಟಳು. "ಅಪ್ಪಾ, ಮೇಲೆ ಬಾ. ಅರವತ್ತೇಳು ವರ್ಷದ ಬೆನ್ನು ಅದು."

"ಬರ್ತೀನಿ."

ಬರಲಿಲ್ಲ.

"ಆ ರೋಲಿ ಇವತ್ತು ಮುಖ ತೋರಿಸ್ತಾನಾ ನೋಡೋಣ," ಎಂದ ಹೆಂಗ್ಕಿ ಬಾಳೆಕಾಯಿ ಚಟ್ನಿಗೆ ಅದ್ದುತ್ತ. "ಸವಾರನಂತೆ ಸವಾರ! ತಿರುವಲ್ಲಿ ಎಷ್ಟು ಸಲ ಚಾಟಿ ಬೀಸಿದ ಅಂತ ಇಡೀ ಊರೇ ನೋಡಿದೆ."

ಗುಂಡಿಯೊಳಗೆ ಹಾರೆ ಕಲ್ಲಿಗೆ ತಾಗಿ ಠಣ್ಣೆಂದಿತು.

*

ಅಬು ಹುಟ್ಟಿದ ವಾರ ಸೊಪುತಾನ್ ಬೆಟ್ಟ ಮೂರು ದಿನ ಬೂದಿ ಕಾರಿತ್ತು. ಮಧ್ಯಾಹ್ನವೇ ದೀಪ ಹಚ್ಚಿಕೊಳ್ಳಬೇಕು. ಗೋಣಿಚೀಲ ಒದ್ದೆ ಮಾಡಿ ಕಿಟಕಿಗಳಿಗೆ ಕಟ್ಟಿದ್ದರು. ಗಾಬರಿಗೊಂಡ ತಾಯಿ ಕುದುರೆ ಹಗ್ಗ ಕಿತ್ತುಕೊಂಡು ಹೊರಗೋಡಿ, ಅಂಗಳದಲ್ಲೇ ಮರಿ ಹಾಕಿತು. ಬಿದ್ದ ಮರಿಯ ಒದ್ದೆ ಮೈಗೆಲ್ಲ ಬೂದಿ ಮೆತ್ತಿಕೊಂಡಿತು.

"ಬೂದು ಬಣ್ಣದ್ದು," ಎಂದಳು ನೆಚೆ.

ವೆಲೆಮ್ ಅಂಗಿ ಬಿಚ್ಚಿ ಉಜ್ಜಿದ. ಉಜ್ಜಿದಲ್ಲೆಲ್ಲ ಕೆಂಪು ಬಣ್ಣ ಹೊರಬಂತು. ಅಷ್ಟರಲ್ಲಿ ಮೇಲಿಂದ ಮತ್ತೆ ಬೂದಿ. ಮತ್ತೆ ಉಜ್ಜಿದ. ಅಪ್ಪ ಉಜ್ಜುವುದು, ಬೆಟ್ಟ ಸುರಿಯುವುದು ನೋಡಿ ನೆಚೆಗೆ ನಗು ತಡೆಯಲಾಗಲಿಲ್ಲ. ಅವಳ ತಾಯಿ ತೀರಿ ಎರಡು ತಿಂಗಳಾಗಿತ್ತು. ಆಮೇಲೆ ಆ ಮನೆಯಲ್ಲಿ ಯಾರಾದರೂ ನಕ್ಕಿದ್ದು ಅದೇ ಮೊದಲು. ಮರಿಗೆ ಬೂದಿ ಎಂದೇ ಹೆಸರಾಯಿತು, ಅವರ ಮಾತಿನಲ್ಲಿ ಅಬು.

ಕುದುರೆ, ಎಲ್ಲರೂ ತಾಂತೆ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಫೆಮಿಯದು. ಪಕ್ಕದ ಕವಾಂಕೋವನ್ ಪೇಟೆಯಲ್ಲಿ ಕಡಲೆಕಾಯಿ ಹುರಿದು ಮಾರುವ ವಿಧವೆ ಅವಳು. ಗಂಡ ಬಿಟ್ಟುಹೋದ ಪಂದ್ಯದ ಹುಚ್ಚನ್ನು ತಾನು ಮುಂದುವರಿಸಿದ್ದಳು. ಆದರೆ ಅಬು ಬೆಳೆದದ್ದು ವೆಲೆಮ್‌ನ ಕೊಟ್ಟಿಗೆಯಲ್ಲಿ. ಕೊಡೆ ಕಂಡರೆ ಹೆದರುತ್ತಿದ್ದಳು. ಭಾನುವಾರ ಪ್ರಾರ್ಥನೆಗೆ ಹೊರಟವರ ಹಾಡುಪುಸ್ತಕ ಕಚ್ಚುತ್ತಿದ್ದಳು. ವೆಲೆಮ್ ಮಂಪರಿನಲ್ಲಿ ಬಾಗಿಲಿಗೆ ಒರಗಿ ಕೂತರೆ ಅವನ ಟೋಪಿಯ ಮೇಲೆ ಗಲ್ಲವಿಟ್ಟು ತಾನೂ ತೂಕಡಿಸುತ್ತಿದ್ದಳು.

*

ಹತ್ತು ಗಂಟೆಗೆ ಫೆಮಿ ಚರ್ಚಿನಿಂದ ನೇರವಾಗಿ ಬಂದಳು, ಸಾವಿಗೆ ಉಡುವ ಕಪ್ಪು ಬಟ್ಟೆಯಲ್ಲಿ. ತಾಡಪಾಲು ಸರಿಸಿ, ಅಬುವಿನ ಹಣೆಕೂದಲಲ್ಲಿ ಸಿಕ್ಕಿದ್ದ ಹುಲ್ಲುಕಡ್ಡಿ ತೆಗೆದಳು.

"ಆರಾಮಾಗಿ ಹೋದಳಾ, ವೆಲೆಮ್?"

"ತಲೆ ನನ್ನ ತೊಡೆ ಮೇಲಿತ್ತು, ತಾಂತೆ."

ಆಗ ಬೇಲಿಯ ಹತ್ತಿರ ರೋಲಿ ಕಾಣಿಸಿಕೊಂಡ. ಇಪ್ಪತ್ತಾರರ ತೆಳ್ಳನೆಯ ಆಳು. ಹೆಗಲ ಮೂಳೆ ಮುರಿದು ಬಲಗೈಯನ್ನು ಕೊರಳಿಗೆ ಕಟ್ಟಿದ್ದರು. ಕೆನ್ನೆ ತರಚಿತ್ತು.

"ಬಂದ ನೋಡು," ಎಂದು ಹೆಂಗ್ಕಿ ಎದ್ದುನಿಂತ. "ಚಾಟಿ ತಂದಿದ್ದೀಯೇನೋ? ಇನ್ನೆರಡು ಬಿಗಿ, ಎದ್ದು ಓಡಿಯಾಳು."

"ಒಂದು ಸಲ ನೋಡಿ ಹೋಗ್ತೀನಿ ಅಷ್ಟೇ."

"ನೋಡೋಕೆ ಏನು ಉಳಿಸಿದ್ದೀಯ?"

"ಹೋಗು ರೋಲಿ," ಎಂದಳು ನೆಚೆ. "ಇವತ್ತು ಬೇಡ. ಅಪ್ಪನ ಮುಂದೆ ಬೇಡ."

ರೋಲಿ ಕದಲಲಿಲ್ಲ. "ಹೊಡೆದೆ. ಇಲ್ಲ ಅನ್ನಲ್ಲ. ಅರ್ಧ ದಾರಿಯಿಂದ ಅವಳು ಬಲಕ್ಕೆ ವಾಲ್ತಾ ಇದ್ದಳು. ಯಾವತ್ತೂ ಹಾಗೆ ಮಾಡಿದವಳಲ್ಲ. ನಾನು ಮೈಗಳ್ಳತನ ಅಂದ್ಕೊಂಡೆ. ರಾತ್ರಿಯೆಲ್ಲ ಅದೇ ಯೋಚನೆ. ಯಾಕೆ ವಾಲಿದಳು? ನನಗೆ ಯಾಕೆ ಗೊತ್ತಾಗಲಿಲ್ಲ?"

ಗುಂಡಿಯಲ್ಲಿ ಹಾರೆಯ ಸದ್ದು ನಿಂತಿತ್ತು.

*

ಶನಿವಾರ ಬೆಳಿಗ್ಗೆ ವೆಲೆಮ್ ದಿನದಂತೆ ಅಬುವಿನ ಕಾಲುಗಳನ್ನು ಮೇಲಿಂದ ಕೆಳಗೆ ಸವರಿ ನೋಡಿದ್ದ. ಮುಂಗಾಲು, ಎಡಗಡೆಯದು, ಮಂಡಿಗಿಂತ ನಾಲ್ಕು ಬೆರಳು ಕೆಳಗೆ ಬೆಚ್ಚಗಿತ್ತು. ಆಗಷ್ಟೇ ಕಾಫಿ ಕುಡಿದಿಟ್ಟ ಲೋಟದಷ್ಟು ಬೆಚ್ಚಗೆ. ಒತ್ತಿದಾಗ ಅವಳು ಕಾಲು ಎಳೆದುಕೊಂಡಳು.

ಬುಧವಾರ ಫೆಮಿ ಹೇಳಿಹೋಗಿದ್ದಳು: "ಜಾವಾದಿಂದ ಒಬ್ಬರು ಕೇಳ್ತಿದ್ದಾರೆ. ಶನಿವಾರ ಮೊದಲ ಮೂರರಲ್ಲಿ ಬಂದ್ರೆ ಕೊಡಲ್ಲ, ನಿನ್ನ ಕೊಟ್ಟಿಗೆಯಲ್ಲೇ ಇರಲಿ, ಮರಿ ಹಾಕಲಿ. ಇಲ್ಲಾಂದ್ರೆ ಹಡಗು ಹತ್ತಿಸೋದೇ."

ವೆಲೆಮ್ ಅಬುವನ್ನು ತಣ್ಣನೆಯ ಹಳ್ಳದಲ್ಲಿ ಒಂದು ಗಂಟೆ ನಿಲ್ಲಿಸಿದ. ಕಾಲು ಆರಿತು. ಬಿಳಿ ಪಟ್ಟಿ ಸುತ್ತಿದ. ಜೋಡಿ ಕಾಣಲಿ ಎಂದು ನೋವಿಲ್ಲದ ಕಾಲಿಗೂ ಸುತ್ತಿದ. ಪಂದ್ಯದ ಹೊತ್ತಿಗೆ ರೋಲಿ ಬಂದು, "ಹೇಗಿದ್ದಾಳೆ ಓಪಾ?" ಎಂದು ಕೇಳಿದ.

"ಚೆನ್ನಾಗಿದ್ದಾಳೆ," ಎಂದಿದ್ದ ವೆಲೆಮ್.

*

"ಹೆಂಗ್ಕಿ, ಅವನನ್ನ ಬಿಡು."

ಎಲ್ಲರೂ ತಿರುಗಿದರು. ವೆಲೆಮ್‌ನ ಮುಖ ಅವರೆಲ್ಲರ ಪಾದಗಳ ಮಟ್ಟದಲ್ಲಿತ್ತು.

"ಕಾಲು ಬೆಳಿಗ್ಗೆಯೇ ಕಾದಿತ್ತು. ನಾನು ಮುಟ್ಟಿದ್ದೆ. ನನಗೆ ಗೊತ್ತಿತ್ತು." ಹಾರೆ ಊರಿ ನಿಂತು, "ನೀರಲ್ಲಿ ನಿಲ್ಲಿಸಿ ಆರಿಸಿದೆ. ಪಟ್ಟಿ ಕಟ್ಟಿದೆ. ಯಾರಿಗೂ ಹೇಳಲಿಲ್ಲ. ಇವನು ಕೇಳಿದ, ಇವನಿಗೂ ಹೇಳಲಿಲ್ಲ."

ಜೋಳದ ಗರಿ ಗಾಳಿಗೆ ಸರಸರ ಎಂದಿತು. ನೆಚೆ ಅಪ್ಪನನ್ನೇ ನೋಡಿ, ನೋಡಲಾಗದೆ ಕಾಫಿ ಲೋಟಗಳನ್ನು ಕೂಡಿಸತೊಡಗಿದಳು.

"ನನಗೆ ಹೇಳೋಕೆ ಏನಾಗಿತ್ತು?" ಎಂದಳು ಫೆಮಿ.

"ಹೇಳಿದ್ರೆ ಓಡಿಸ್ತಿರಲಿಲ್ಲ. ಓಡದೇ ಇದ್ರೆ ಮಾರಿಬಿಡ್ತಿದ್ರಿ."

"ಮಾರಿದ್ರೆ ಎಲ್ಲೋ ಒಂದು ಕಡೆ ಹುಲ್ಲು ತಿಂತಾ ಇರ್ತಿದ್ದಳು, ವೆಲೆಮ್."

ಅವಳು ಬೈಯಲಿಲ್ಲ. ಅದನ್ನು ಮೆಲ್ಲಗೆ ಹೇಳಿ, ಕಪ್ಪು ಬಟ್ಟೆಗೆ ಮಣ್ಣಾಗುವುದನ್ನೂ ಲೆಕ್ಕಿಸದೆ ಬದುವಿನ ಮೇಲೆ ಕೂತುಬಿಟ್ಟಳು.

ರೋಲಿ ಗುಂಡಿಯ ಅಂಚಿಗೆ ಬಂದ. "ನನ್ನ ಜೀವಾನೂ ಹೋಗಬಹುದಿತ್ತು, ಓಪಾ. ಹಿಂದಿನ ಕುದುರೆ ನನ್ನ ತಲೆ ಪಕ್ಕದಲ್ಲೇ ಕಾಲಿಟ್ಟು ಹೋಯ್ತು."

"ಗೊತ್ತು."

"ಗೊತ್ತು ಅಂದ್ರೆ ಆಯ್ತಾ?"

"ಆಗಲ್ಲ," ಎಂದ ವೆಲೆಮ್. "ಆಗಲ್ಲ, ರೋಲಿ."

ಕೊನೆಗೆ ಹೆಂಗ್ಕಿ, ಎಲ್ಲಿ ನೋಡಬೇಕೆಂದು ತಿಳಿಯದೆ, ಗುಂಡಿಗಿಳಿದು ಮುದುಕನ ಕೈಯಿಂದ ಹಾರೆ ತೆಗೆದುಕೊಂಡ. ಉಳಿದಷ್ಟನ್ನು ಅವನೇ ತೋಡಿದ.

ಎರಡು ಹಗ್ಗ, ಎಂಟು ಜನ. ಅಬುವನ್ನು ಇಳಿಸುವಾಗ ಒಂದು ಹಗ್ಗ ಜಾರಿತು. ರೋಲಿ ಮುಂದೆ ಬಂದು ಎಡಗೈಯಲ್ಲಿ ಹಿಡಿದ. ಯಾರೂ ಬೇಡ ಅನ್ನಲಿಲ್ಲ. ವೆಲೆಮ್ ಕೆಳಗಿಳಿದು ಮುರಿದ ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ನೆಟ್ಟಗೆ, ಇನ್ನೊಂದು ಕಾಲಿನ ಪಕ್ಕಕ್ಕೆ ಜೋಡಿಸಿಟ್ಟ. ಫೆಮಿ ಮೊದಲ ಹಿಡಿ ಮಣ್ಣು ಹಾಕಿದಳು.

ಮುಚ್ಚಿದ ಮೇಲೂ ಮಣ್ಣು ಸೊಂಟದೆತ್ತರ ಉಳಿಯಿತು.

"ತುಳಿದು ಗಟ್ಟಿ ಮಾಡಬೇಕು, ಇಲ್ಲಾಂದ್ರೆ ನಾಯಿ ಕೆರೆಯುತ್ವೆ," ಎಂದರು ಯಾರೋ.

ವೆಲೆಮ್ ಬೂಟು ಕಳಚಿದ. ಬರಿಗಾಲಲ್ಲಿ ಹತ್ತಿದ. ಆದರೆ ತುಳಿಯಲಿಲ್ಲ. ದಿಬ್ಬದ ಅಂಚಿಗುಂಟ ನಿಧಾನವಾಗಿ ಸುತ್ತು ಹಾಕತೊಡಗಿದ, ಓಡಿ ಬಂದ ಕುದುರೆಯ ಬಿಸಿ ಆರಲೆಂದು ನಡೆಸುವಂತೆ. ಬಲಗೈ ಹೆಗಲೆತ್ತರಕ್ಕೆ ಎದ್ದಿತ್ತು, ಬೆರಳು ಏನನ್ನೋ ಸಡಿಲವಾಗಿ ಹಿಡಿದಂತಿತ್ತು. ಒಂದು ಸುತ್ತು. ಎರಡು.

ಮೂರನೆಯ ಸುತ್ತಿನಲ್ಲಿ ಅವನ ಹೆಜ್ಜೆಗೆ ಅಡ್ಡವಾಗಿ ಯಾರೋ ಬಿಟ್ಟಿದ್ದ ಬುಟ್ಟಿ ಬಿದ್ದಿತ್ತು. ಮುದುಕ ಅದನ್ನು ನೋಡಿರಲಿಲ್ಲ. ರೋಲಿ ಬಾಗಿ, ಒಂದೇ ಕೈಯಲ್ಲಿ, ಸದ್ದಾಗದಂತೆ, ಅದನ್ನು ದಾರಿಯಿಂದ ಎತ್ತಿ ಪಕ್ಕಕ್ಕಿಟ್ಟ.